ಕುಣಿಯಲ್ಲಿ ಕಾಲಿಟ್ಟು ಓದಿದ ಕೀರ್ತನೆಗಳು

ನಮ್ಮೂರು ಗುಳೇದಗುಡ್ಡ. ನಮ್ಮದು ಖಣ ನೇಯುವ ಮನೆ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ. ಅಪ್ಪ ತೀರಿಕೊಂಡ ಮೇಲೆ ಅವರ ಜಾಗದಲ್ಲಿ ನಾನು ಕೂತೆ.

ಅಪ್ಪನನ್ನು ಮಣ್ಣು ಮಾಡಿದ ದಿನ ಚರ್ಚಿನ ಸಭೆಯವರು ಮನೆಗೆ ಬಂದು ಬೈಬಲಿನ 23ನೇ ಕೀರ್ತನೆ ಓದಿದರು. ಚಿಕ್ಕಂದಿನಿಂದ ನನಗೆ ಬಾಯಿಪಾಠ. ಆದರೆ ಅವತ್ತು ದನಿ ಕೂಡಿಸಲು ಆಗಲಿಲ್ಲ. ಅಲ್ಲಿಯವರೆಗೆ ಸಮಾಧಾನದ ಕೀರ್ತನೆ ಮಾತ್ರ ಆರಿಸಿ ಓದುತ್ತಿದ್ದೆ, ಗೋಳಿನವನ್ನು ದಾಟಿಬಿಡುತ್ತಿದ್ದೆ. ಇನ್ನು ಮೇಲೆ ಯಾವುದನ್ನೂ ಬಿಡಬಾರದು ಅಂತ ಅನಿಸಿತು.

ಮಾಡಿದ್ದು ಇಷ್ಟೇ. ನಸುಕಿನಲ್ಲಿ ಮಗ್ಗಕ್ಕೆ ಕೂತ ಕೂಡಲೇ, ಲಾಳಿ ಮುಟ್ಟುವ ಮೊದಲು, ದಿನಕ್ಕೊಂದು ಕೀರ್ತನೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ನಡುವೆ ‘ಸೆಲಾ’ ಅಂತ ಬಂದಲ್ಲಿ (ನಿಲ್ಲು ಅನ್ನುವ ಗುರುತಿರಬಹುದು ಅಂತಾರೆ) ಸುಮ್ನೆ ನಿಂತು ಒಂದು ಉಸಿರು ಬಿಡುವುದು. 119ನೇ ಕೀರ್ತನೆಯಲ್ಲಿ 176 ವಚನ, ಎಂಟೆಂಟರ 22 ಭಾಗ. ಅದಕ್ಕೇ 22 ದಿನ ಕೊಟ್ಟೆ. ಒಟ್ಟು 150 ಕೀರ್ತನೆ ಮುಗಿಯಲು ಹತ್ತಿರ ಆರು ತಿಂಗಳು ಬೇಕಾಯಿತು.

88ಕ್ಕೆ ಬಂದಾಗ ಮುಂದೆ ಹೋಗಲಾಗಲಿಲ್ಲ. ದೇವಾಲಯದಲ್ಲಿ ಹಾಡುತ್ತಿದ್ದ ಕೋರಹೀಯರ ಮನೆತನದ ಕೀರ್ತನೆ, ಹೇಮಾನ ಅನ್ನುವವನ ಹೆಸರಿನಲ್ಲಿದೆ. ನನ್ನನ್ನು ಆಳವಾದ ಗುಂಡಿಗೆ ಹಾಕಿದ್ದೀಯಲ್ಲ ಅಂತ ಅವನು ದೇವರಿಗೇ ಹೇಳುತ್ತಾನೆ. ನಮ್ಮ ಕಡೆ ಹೆಣ ಇಡುವ ಗುಂಡಿಗೂ ಕುಣಿ ಅಂತಲೇ ಅನ್ನುತ್ತೇವೆ. ನನ್ನ ಎರಡೂ ಕಾಲು ಅಪ್ಪನ ಕುಣಿಯಲ್ಲೇ ಇದ್ದವು. ಬೇರೆ ಗೋಳಿನ ಕೀರ್ತನೆಗಳು ಬಹುಮಟ್ಟಿಗೆ ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಮತ್ತೆ ಮತ್ತೆ ಓದಿದಾಗ ಒಂದು ಮಾತು ಕಣ್ಣಿಗೆ ಬಿತ್ತು. ಹಗಲೂ ಇರುಳೂ ಮೊರೆಯಿಡುತ್ತೇನೆ ಅನ್ನುತ್ತಾನೆ, ದಿನಾಲೂ ಅನ್ನುತ್ತಾನೆ, ಮುಂಜಾನೆಯೂ ಅನ್ನುತ್ತಾನೆ. ಉತ್ತರ ಬಂದಿಲ್ಲ, ಆದರೂ ಮಾತು ಬಿಟ್ಟಿಲ್ಲ. ಮೊದಲ ವಚನದಲ್ಲೇ ‘ನನ್ನನ್ನು ರಕ್ಷಿಸುವ ದೇವರೇ’ ಅಂತ ಕರೆದಿದ್ದಾನೆ ಅಲ್ವಾ! ಅವತ್ತು ಅಪ್ಪ ಹೋದ ಮೇಲೆ ಮೊದಲ ಸಲ ಜೋರಾಗಿ ಅತ್ತೆ. ಅದೂ ಪ್ರಾರ್ಥನೆಯೇ ಅಂತ ನಾನು ನಂಬುತ್ತೇನೆ.

ಆಮೇಲೆ 139 ಬಂತು. ಭೂಮಿಯ ಆಳದಲ್ಲಿ ನಾನು ರೂಪುಗೊಳ್ಳುತ್ತಿದ್ದಾಗ ನೀನು ನೋಡಿದೆ ಅನ್ನುವ ಹದಿನೈದನೇ ವಚನ. ಅಲ್ಲಿರುವ ಇಬ್ರಿಯ (ಹೀಬ್ರೂ) ಮಾತು ಬಣ್ಣದ ನೂಲಿನ ಕಸೂತಿಗೆ ಹೇಳುವಂಥದ್ದು ಅಂತ ನಮ್ಮ ಪಾಸ್ಟರು ತಿಳಿಸಿದರು. ಬೈಬಲಿನ ವಿಮೋಚನಕಾಂಡದಲ್ಲಿ ದೇವರ ಆರಾಧನೆಯ ಗುಡಾರದ ಬಾಗಿಲ ಪರದೆಗೂ ಅದೇ ಮೂಲದ ಮಾತಂತೆ. ಆಳದಲ್ಲಿ ಬಣ್ಣದ ನೂಲು ಹಿಡಿದ ಕೆಲಸ! ನೇಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾ? ಅಪ್ಪನ ಕಾಲು ಸವೆಸಿದ ಕುಣಿಯ ಅಂಚನ್ನು ಕೈಯಿಂದ ಸವರಿದೆ. ಮಣ್ಣು ತಣ್ಣಗಿತ್ತು, ನುಣುಪಾಗಿತ್ತು.

ಕಳೆದ ವರ್ಷ ನಮ್ಮ ಓಣಿಯ ಒಬ್ಬ ತಾಯಿ ಮಗನನ್ನು ಕಳೆದುಕೊಂಡರು. ಅವರ ಮನೆಯಲ್ಲಿ ನಾನು 88 ಓದಿದೆ. ಹದಿನೆಂಟು ವಚನ ಮುಗಿದ ಮೇಲೆ ಸಮಾಧಾನದ ಮಾತು ಏನೂ ಸೇರಿಸಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಇನ್ನೊಮ್ಮೆ ಓದಪ್ಪ” ಅಂದರು.