ಫಿನ್ನಾ, ಪ್ರೊಪೆಲ್ಲರಾ? ಕುಂಬಳೆಯ ಹೊಳೆಗೆ ನಾನು ಪೆಡಲ್ ಕಯಾಕ್ ಆರಿಸಿದ್ದು

ಪೆಡಲ್ ಕಯಾಕ್, ಅಂದರೆ ಕಾಲಲ್ಲಿ ತುಳಿದು ಓಡಿಸುವ ಸಣ್ಣ ದೋಣಿ, ತೆಗೆದುಕೊಳ್ಳಬೇಕು ಅಂತ ಹೊರಟವರು ಎಲ್ಲರೂ ಮೊದಲು ಕೇಳುವುದು ‘ಯಾವ ಕಂಪೆನಿ ಒಳ್ಳೆಯದು’ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಇಳಿತದ ಹೊತ್ತಿಗೆ ನಿಮ್ಮ ಹೊಳೆಯಲ್ಲಿ ಎಷ್ಟು ನೀರು ಉಳಿಯುತ್ತದೆ, ತಳದಲ್ಲಿ ಹೊಯಿಗೆಯಾ ಕೆಸರಾ ಕಲ್ಲಾ, ನೀರಿನಲ್ಲಿ ಏನೇನು ತೇಲಿಕೊಂಡು ಬರುತ್ತದೆ, ಮನೆಯಿಂದ ನೀರಿನವರೆಗೆ ಅದನ್ನು ಹೊರುವವರು ಯಾರು, ಇಷ್ಟಕ್ಕೆ ಉತ್ತರ ಸಿಕ್ಕಿದರೆ ಅರ್ಧಕ್ಕರ್ಧ ಮಾಡೆಲ್‌ಗಳು ತಾವಾಗಿಯೇ ಹೊರಗೆ ಬೀಳುತ್ತವೆ.

ನಾನು ಕಾಸರಗೋಡಿನ ಕುಂಬಳೆಯವನು. ಗಾಳ ಹಾಕುವುದು ಹೆಚ್ಚಾಗಿ ಶಿರಿಯ ಹೊಳೆಯಲ್ಲಿ, ಅಳಿವೆಯಿಂದ ಒಳಗಡೆ. ಕೆಲವೊಮ್ಮೆ ಚಂದ್ರಗಿರಿಗೂ ಹೋಗುತ್ತೇನೆ. ಸಮುದ್ರಕ್ಕೆ ಇಳಿಯುವುದಿಲ್ಲ, ಅಳಿವೆ ಬಾಗಿಲಲ್ಲಿ ತೆರೆ ಒಡೆಯುವುದನ್ನು ನೋಡಿದರೇ ಸಾಕು ನನಗೆ. ನನಗೆ ಬೇಕಾದ ಮೀನು ಎರಡೇ, ಚೆಂಬಲ್ಲಿ ಮತ್ತು ಕಾಳಾಂಜಿ. ಎರಡೂ ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಬುಡದಲ್ಲಿ, ಸೇತುವೆಯ ಕಂಬದ ಮರೆಯಲ್ಲಿ, ಬಂಡೆಯ ಸಂದಿನಲ್ಲಿ ಕಾದು ಕೂತು ಹೊಡೆಯುವ ಜಾತಿ. ಅಂದರೆ ದೋಣಿ ಬೇರಿನ ಹತ್ತಿರವೇ ಇರಬೇಕು, ಆದರೆ ಬೇರಿಗೆ ತಾಗಬಾರದು. ಈ ಒಂದು ವಿಷಯವೇ ಕೊನೆಗೆ ನನ್ನ ಆಯ್ಕೆಯನ್ನು ತೀರ್ಮಾನ ಮಾಡಿತು.

ಮೊದಲು ನನ್ನಲ್ಲಿ ಹುಟ್ಟು ಹಾಕುವ ಸಾದಾ ಕಯಾಕ್ ಇತ್ತು. ಹಗುರ, ಒಬ್ಬನೇ ಎತ್ತಿಕೊಂಡು ಹೋಗಬಹುದು, ಮೊಣಕಾಲುದ್ದ ನೀರಿದ್ದರೂ ಓಡುತ್ತದೆ. ಆದರೆ ಹುಟ್ಟು ಕೈಯಲ್ಲಿದ್ದರೆ ಗಾಳದ ರಾಡ್ ಇಲ್ಲ, ರಾಡ್ ಕೈಯಲ್ಲಿದ್ದರೆ ಹುಟ್ಟು ಇಲ್ಲ. ನಮ್ಮಲ್ಲಿ ಬೆಳಗ್ಗೆ ಗಾಳಿ ಸುಮ್ನೆ ಇರುತ್ತದೆ, ಬಿಸಿಲು ಏರಿದ ಹಾಗೆ ಪಡುವಣ ಗಾಳಿ ಏಳುತ್ತದೆ. ಒಮ್ಮೆ ಲೂರ್ (ಮೀನನ್ನು ಸೆಳೆಯುವ ನಕಲಿ ಎರೆ) ಎಸೆದು ರೀಲ್ ಸುತ್ತುವಷ್ಟರಲ್ಲಿ ಕಯಾಕ್ ಅಡ್ಡ ತಿರುಗಿ ಬೇರಿನ ಒಳಗೆ ನುಗ್ಗಿರುತ್ತದೆ. ಲಂಗರು ಹಾಕಬಹುದಲ್ವಾ ಅಂತ ಕೇಳಬಹುದು. ಹಾಕಬಹುದು, ಆದರೆ ಮೀನು ಹುಡುಕುತ್ತಾ ದಡದುದ್ದಕ್ಕೂ ಹೋಗುವವನಿಗೆ ಹತ್ತು ಹತ್ತು ನಿಮಿಷಕ್ಕೆ ಲಂಗರು ಎತ್ತಿ ಇಳಿಸುವುದೇ ಒಂದು ಕೆಲಸವಾಗುತ್ತದೆ.

ಪೆಡಲ್ ಕಯಾಕ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ತಳದಡಿಯಲ್ಲಿ ಮೀನಿನ ರೆಕ್ಕೆಯಂಥ ಎರಡು ಮೆತ್ತನೆಯ ಫಿನ್ ಇರುತ್ತವೆ. ನೀವು ಕಾಲನ್ನು ಒಂದಾದ ಮೇಲೆ ಒಂದು ಮುಂದಕ್ಕೆ ಒತ್ತುತ್ತೀರಿ, ಫಿನ್‌ಗಳು ಎದುರು ಬದುರಾಗಿ ಎಡಕ್ಕೂ ಬಲಕ್ಕೂ ಬೀಸಿ ದೋಣಿಯನ್ನು ತಳ್ಳುತ್ತವೆ. ಪೆಡಲ್, ಫಿನ್ ಎಲ್ಲ ಸೇರಿದ ಈ ತುಳಿಯುವ ಭಾಗಕ್ಕೆ ಡ್ರೈವ್ ಅನ್ನುತ್ತಾರೆ, ಹೋಬಿ ಕಂಪೆನಿ 1997ರಲ್ಲಿ ತಂದ ಮಿರಾಜ್ ಡ್ರೈವ್ ಇದರ ಮೂಲ. ಇನ್ನೊಂದರಲ್ಲಿ ಸೈಕಲ್ಲಿನ ಹಾಗೆ ಪೆಡಲ್ ಸುತ್ತುತ್ತದೆ, ಕೆಳಗೆ ಪ್ರೊಪೆಲ್ಲರ್ ತಿರುಗುತ್ತದೆ. ಓಲ್ಡ್ ಟೌನ್, ನೇಟಿವ್, ಪೆಲಿಕನ್ ಇವೆಲ್ಲ ಆ ಪೈಕಿ. ಓಲ್ಡ್ ಟೌನ್‌ನ ಡ್ರೈವ್‌ನಲ್ಲಿ ಪೆಡಲ್ ಒಂದು ಸುತ್ತು ಹೋದರೆ ಪ್ರೊಪೆಲ್ಲರ್ ಹತ್ತು ಸುತ್ತಿಗೂ ಸ್ವಲ್ಪ ಜಾಸ್ತಿ ತಿರುಗುತ್ತದೆ, ಹಾಗಾಗಿ ಕಾಲು ನಿಧಾನಕ್ಕೆ ಆಡಿಸಿದರೂ ದೋಣಿ ಹೋಗುತ್ತಿರುತ್ತದೆ. ಎರಡರಲ್ಲೂ ಚುಕ್ಕಾಣಿಗೆ ಸೀಟಿನ ಪಕ್ಕದಲ್ಲಿ ಒಂದು ಸಣ್ಣ ಹಿಡಿ.

ಫಿನ್ ಇರುವುದನ್ನು ನಾನು ತುಳಿದು ನೋಡಿದ್ದು ನಮ್ಮ ಭಾವನ ದಯದಿಂದ. ಅವರು ದುಬೈಯಲ್ಲಿ ಇದ್ದಾಗ ಹೋಬಿ ತೆಗೆದುಕೊಂಡಿದ್ದರು, ಊರಿಗೆ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಕಾರ್ಗೋದಲ್ಲಿ ಅದೂ ಬಂತು. ಮೊದಲ ಸಲ ಕೂತು ತುಳಿದಾಗ ಖುಷಿಯಾದದ್ದು ಸುಳ್ಳಲ್ಲ. ಸದ್ದೇ ಇಲ್ಲ. ನೀರನ್ನು ಕೊಯ್ದುಕೊಂಡು ಹೋಗುತ್ತದೆ. ಗಾಳಿಗೆ ಎದುರಾಗಿ ಹೋಗುವಾಗಲೂ ಮಂಡಿ ಅಷ್ಟಾಗಿ ದಣಿಯಲಿಲ್ಲ, ಯಾಕೆಂದರೆ ಪೂರ್ತಿ ಒತ್ತಲೇಬೇಕು ಅಂತ ಇಲ್ಲ, ಅರ್ಧ ಅರ್ಧ ಒತ್ತಿದರೂ ನಡೆಯುತ್ತದೆ. ಅದಕ್ಕಿಂತ ಹೆಚ್ಚು ಇಷ್ಟವಾದದ್ದು ಹೊಯಿಗೆ ದಿಬ್ಬ ದಾಟುವಾಗ. ನೀರು ಕಮ್ಮಿ ಕಂಡ ಕೂಡಲೇ ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ಒತ್ತಿ ಹಿಡಿದರೆ ಎರಡೂ ಫಿನ್ ಮೇಲೆ ಹೋಗಿ ತಳಕ್ಕೆ ಅಂಟಿಕೊಳ್ಳುತ್ತವೆ. ಬಂದ ವೇಗದಲ್ಲೇ ದಿಬ್ಬದ ಮೇಲೆ ಜಾರಿ ಆಚೆ ಹೋಗಬಹುದು. ಇನ್ನೂ ಕಮ್ಮಿ ನೀರಿದ್ದರೆ ಸಣ್ಣ ಸಣ್ಣಕ್ಕೆ ಕಾಲಾಡಿಸುತ್ತಾ ಫಿನ್‌ನ ತುದಿಯಲ್ಲೇ ತೆವಳಬಹುದು.

ತೊಂದರೆ ಶುರುವಾದದ್ದು ಮೀನು ಕಚ್ಚಿದಾಗ. ಭಾವನದ್ದು ಹಳೆ ಮಾಡೆಲ್, ರಿವರ್ಸ್ ಇಲ್ಲ. ಚೆಂಬಲ್ಲಿ ಕಚ್ಚಿದ ಕೂಡಲೇ ಮಾಡುವ ಮೊದಲ ಕೆಲಸ ತಿರುಗಿ ಬೇರಿನೊಳಗೆ ನುಗ್ಗುವುದು. ಅದು ಎಳೆಯುವ ಜೋರಿಗೆ ಕಯಾಕೂ ಅದರ ಹಿಂದೆಯೇ ಹೋಗುತ್ತದೆ. ಕಾಲು ಎಷ್ಟು ತುಳಿದರೂ ಮುಂದಕ್ಕೇ, ಅಂದರೆ ಬೇರಿನ ಕಡೆಗೇ. ಲೈನ್ ಬೇರಿಗೆ ಉಜ್ಜಿ ಕಡಿಯಿತು. ಮತ್ತೆ ಕಚ್ಚಿದ್ದೂ ಹಾಗೇ ಹೋಯಿತು. ಈಗಿನ ಹೋಬಿಗಳಲ್ಲಿ ಈ ಸಮಸ್ಯೆ ಇಲ್ಲ, 180 ಅನ್ನುವ ಡ್ರೈವ್‌ನಲ್ಲಿ ಒಂದು ಹಗ್ಗ ಎಳೆದರೆ ಫಿನ್ ತಿರುಗಿ ನಿಂತು ಹಿಂದಕ್ಕೆ ತಳ್ಳುತ್ತದೆ, 360 ಅನ್ನುವುದರಲ್ಲಂತೂ ಯಾವ ದಿಕ್ಕಿಗೆ ಬೇಕಾದರೂ. ಆದರೆ ಹಗ್ಗ ಎಳೆಯುವುದಕ್ಕೂ ಒಂದು ಕೈ ಬೇಕಲ್ವಾ? ಮೀನು ಕಚ್ಚಿದ ಆ ಎರಡು ಸೆಕೆಂಡಿನಲ್ಲಿ ನನ್ನ ಎರಡೂ ಕೈ ರಾಡಿನ ಮೇಲೇ ಇರುತ್ತವೆ.

ಪ್ರೊಪೆಲ್ಲರ್ ಇರುವುದನ್ನು ನೋಡಲು ಕೊಚ್ಚಿಗೆ ಹೋದೆ. ಗಾಳ ಹಾಕುವವರೊಬ್ಬರು ತಮ್ಮದನ್ನು ಮಾರುವವರಿದ್ದರು, ಒಳ್ಳೆ ಮನುಷ್ಯ, ಅರ್ಧ ದಿನ ತುಳಿಯಲು ಬಿಟ್ಟರು. ಹನ್ನೊಂದು ಅಡಿಯ ಹತ್ತಿರ ಉದ್ದ, ಅಗಲ ಮೂರು ಅಡಿಗೆ ಸ್ವಲ್ಪ ಕಮ್ಮಿ. ಕಾಲು ಹಿಂದಕ್ಕೆ ಸುತ್ತಿದರೆ ದೋಣಿ ಹಿಂದಕ್ಕೆ. ಅಷ್ಟೇ. ಕೈಗೆ ಕೆಲಸವೇ ಇಲ್ಲ. ಸೇತುವೆಯ ಕಂಬದ ಹತ್ತಿರ ಹೋಗಿ, ನೀರಿನ ಸೆಳೆತಕ್ಕೆ ಎದುರಾಗಿ ಮೆಲ್ಲಗೆ ಕಾಲಾಡಿಸುತ್ತಾ ಒಂದೇ ಜಾಗದಲ್ಲಿ ನಿಂತುಕೊಂಡೆ. ಸ್ವಲ್ಪ ಮುಂದೆ ಹೋಯಿತಾ, ಅರ್ಧ ಸುತ್ತು ಹಿಂದಕ್ಕೆ. ನನಗೆ ಅಲ್ಲೇ ತೀರ್ಮಾನ ಆಗಿತ್ತು, ರೇಟು ಮಾತಾಡುವಾಗ ಮುಖದಲ್ಲಿ ತೋರಿಸಲಿಲ್ಲ ಅಷ್ಟೇ.

ಹಾಗಂತ ಅದರಲ್ಲಿ ಕಿರಿಕಿರಿ ಇಲ್ಲವೆಂದಲ್ಲ. ಪ್ರೊಪೆಲ್ಲರ್ ತಳದಿಂದ ಒಂದು, ಒಂದೂವರೆ ಅಡಿ ಕೆಳಗೆ ಇಳಿದಿರುತ್ತದೆ, ಫಿನ್‌ನ ಹಾಗೆ ಕಾಲಲ್ಲೇ ಮಡಚಲು ಆಗುವುದಿಲ್ಲ. ನಮ್ಮ ಅಳಿವೆಯ ಒಳಗಡೆ ಹೊಯಿಗೆ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಾಯಿಸುತ್ತದೆ. ಕಳೆದ ವರ್ಷ ಆಳ ಇದ್ದಲ್ಲಿ ಈ ವರ್ಷ ಕೊಕ್ಕರೆ ನಿಂತಿರುತ್ತದೆ. ಹಾಗಾಗಿ ಗೊತ್ತಿಲ್ಲದ ಜಾಗದಲ್ಲಿ ನಾನು ಹೀಗೆ ಮಾಡುತ್ತೇನೆ: ತುಳಿಯುವುದು ನಿಲ್ಲಿಸಿ, ಮುಂದಕ್ಕೆ ಬಗ್ಗಿ ಡ್ರೈವ್‌ನ ಕೊಕ್ಕೆ ಬಿಚ್ಚಿ, ಅದನ್ನು ನನ್ನ ಕಡೆಗೆ ಎಳೆದು ಮೇಲಕ್ಕೆ ಮಡಚಿ ಇಡುತ್ತೇನೆ. ಪ್ರೊಪೆಲ್ಲರ್ ನೀರು ಸುರಿಸುತ್ತಾ ಎರಡು ಕಾಲಿನ ನಡುವೆ ಬಂದು ಕೂರುತ್ತದೆ. ಆಮೇಲೆ ಹುಟ್ಟು ಹಾಕಿ ದಾಟುವುದು. ಅದಕ್ಕೇ ಹೇಳುವುದು, ಪೆಡಲ್ ಇದೆ ಅಂತ ಹುಟ್ಟನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಇನ್ನೊಂದು ಕಿರಿಕಿರಿ ಅಂದರೆ ಕಸ. ಪ್ಲಾಸ್ಟಿಕ್ ಚೀಲ, ಹರಿದ ಬಲೆಯ ತುಂಡು, ಮೇಲಿನಿಂದ ಬರುವ ಅಂತರಗಂಗೆ, ತೆಂಗಿನ ನಾರು, ಎಲ್ಲವೂ ಪ್ರೊಪೆಲ್ಲರಿಗೆ ಸುತ್ತುತ್ತದೆ. ಪೆಡಲ್ ಒಮ್ಮೆಲೇ ಬಿಗಿಯಾದರೆ ಗೊತ್ತಾಗುತ್ತದೆ. ಒಂದು ಸುತ್ತು ಹಿಂದಕ್ಕೆ ತುಳಿದರೆ ಅರ್ಧ ಬಾರಿ ಬಿಟ್ಟು ಹೋಗುತ್ತದೆ, ಹೋಗದಿದ್ದರೆ ಎತ್ತಿ ಬಿಡಿಸಬೇಕು. ಚೀಲ ಬಲೆ ಆದರೆ ಕಣ್ಣಿಗೆ ಕಾಣುತ್ತದೆ, ನಮ್ಮದೇ ಬ್ರೇಡ್ ಲೈನ್ (ಹೆಣೆದ ಸಣ್ಣ ಗಾಳದ ದಾರ) ಕಾಣುವುದಿಲ್ಲ. ಅದು ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಸುತ್ತಿ, ಒಳಗೆ ಜಾರಿ, ಸೀಲನ್ನು ಕೊಯ್ಯುತ್ತದೆ. ಸೀಲ್ ಹೋದರೆ ಗೇರಿನ ಒಳಗೆ ಉಪ್ಪು ನೀರು. ಎಣ್ಣೆ ತುಂಬಿಸುವ ಡ್ರೈವ್ ಆದರೆ ಆಗಾಗ ಸ್ವಲ್ಪ ತೆಗೆದು ನೋಡಿ, ಬೆಳ್ಳಗೆ ಕದಡಿದ್ದರೆ ನೀರು ಸೇರಿದೆ ಅಂತ ಅರ್ಥ. ನಾನು ಮನೆಗೆ ಬಂದ ಕೂಡಲೇ ಪ್ರೊಪೆಲ್ಲರ್ ಬಿಚ್ಚಿ, ಶಾಫ್ಟಿನ ಸುತ್ತ ಉಗುರಿನಲ್ಲಿ ಸವರಿ ನೋಡುತ್ತೇನೆ. ಕಣ್ಣಿಗೆ ಕಾಣದ ಲೈನ್ ಉಗುರಿಗೆ ಸಿಗುತ್ತದೆ.

ಫಿನ್‌ನಲ್ಲಿ ಕಸದ ಕಾಟ ಕಮ್ಮಿ, ಆದರೆ ಗಟ್ಟಿ ತಳಕ್ಕೆ ಬಡಿದರೆ ಒಳಗಿನ ಕಂಬಿ ಬಗ್ಗುತ್ತದೆ, ಚಿಪ್ಪು ಹತ್ತಿದ ಬಂಡೆಗೆ ತಾಗಿದರೆ ಫಿನ್ ಹರಿಯುತ್ತದೆ. ಚೈನ್, ಕೇಬಲ್ ಇರುವುದರಿಂದ ಆಗಾಗ ಬಿಗಿ ಮಾಡಬೇಕು. ಹೊಯಿಗೆ ಸೇರಿದರೆ ಕಿರ್ ಕಿರ್ ಅಂತ ಸದ್ದು. ಇದೆಲ್ಲ ಮನೆಯಲ್ಲೇ ಕೂತು ಸ್ಪಾನರ್ ಹಿಡಿದು ಸರಿಮಾಡುವಂಥದ್ದು, ಆ ಮಟ್ಟಿಗೆ ಅದು ವಾಸಿ. ಗೇರ್ ಒಳಗೆ ಕೈ ಹಾಕುವುದು ಅಷ್ಟು ಸುಲಭ ಅಲ್ಲ.

ಈಗ ತೂಕದ ವಿಷಯ. ಜಾಹೀರಾತಿನಲ್ಲಿ ಬರೆಯುವುದು ಬರೀ ಮೈಯ ತೂಕ. ಹೋಬಿಯ ಔಟ್‌ಬ್ಯಾಕ್ ಮಾಡೆಲ್ ಅಂದರೆ 12 ಅಡಿ 9 ಇಂಚು ಉದ್ದ, 34 ಇಂಚು ಅಗಲ. ಸೀಟು, ಡ್ರೈವ್ ಎಲ್ಲ ಸೇರಿದರೆ 45 ಕಿಲೋದ ಮೇಲೆ ಹೋಗುತ್ತದೆ. ಅದರ ಮೇಲೆ ರಾಡು, ಬ್ಯಾಟರಿ, ಐಸ್ ಪೆಟ್ಟಿಗೆ, ನೀರಿನ ಬಾಟಲಿ. ಅಗಲ ಜಾಸ್ತಿ ಆದಷ್ಟೂ ಎದ್ದು ನಿಂತು ಎಸೆಯಬಹುದು, ಆದರೆ ಅಷ್ಟೇ ತೂಕವೂ ಏರುತ್ತದೆ. ನನ್ನ ಮನೆಯಿಂದ ಹೊಳೆಗೆ ಗೂಡ್ಸ್ ಆಟೋದಲ್ಲಿ ಹೋಗಬೇಕು, ಆಮೇಲೆ ತೆಂಗಿನ ತೋಟದ ನಡುವೆ ಕಾಲುದಾರಿ, ಕೊನೆಗೆ ಕೆಸರು. ಕೊಚ್ಚಿಯಲ್ಲಿ ಹದಿಮೂರು ಅಡಿಯದ್ದೂ ಒಂದು ಇತ್ತು. ಓಟದಲ್ಲಿ ಅದೇ ಮೇಲು. ಆದರೆ ಆ ಕಾಲುದಾರಿಯ ತಿರುವನ್ನು ನೆನೆಸಿಕೊಂಡೇ ಬೇಡ ಅಂದೆ. ಎರಡು ಚಕ್ರದ ಗಾಡಿಯೊಂದು ಕಯಾಕ್‌ನ ಜೊತೆಗೇ ತೆಗೆದುಕೊಳ್ಳಿ, ಸಣ್ಣ ಗಟ್ಟಿ ಚಕ್ರ ಹೊಯಿಗೆಯಲ್ಲಿ ಹೂತು ಹೋಗುತ್ತದೆ, ಅಗಲದ ಗಾಳಿ ಚಕ್ರವೇ ಬೇಕು. ಮುರಕಲ್ಲಿನ ಮೇಲಂತೂ ಎಳೆಯಲೇಬೇಡಿ, ತಳದ ಪ್ಲಾಸ್ಟಿಕ್ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ದುಡ್ಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೊಡ್ಡ ಹೆಸರಿನವು ಅಮೆರಿಕದಲ್ಲೇ ಸಾವಿರಾರು ಡಾಲರ್, ಹಡಗಿನ ಖರ್ಚು, ಸುಂಕ ಎಲ್ಲ ಸೇರಿದರೆ ಇಲ್ಲಿ ಒಂದು ಒಳ್ಳೆ ಬೈಕಿನ ರೇಟನ್ನು ದಾಟುತ್ತದೆ. ಚೀನಾದ್ದು ಅಗ್ಗಕ್ಕೆ ಸಿಗುತ್ತದೆ, ಕೆಲವು ಪರವಾಗಿಲ್ಲ. ಮಾರುವವನಲ್ಲಿ ಒಂದೇ ಮಾತು ಕೇಳಿ: ಪ್ರೊಪೆಲ್ಲರ್, ಸೀಲ್, ಪೆಡಲ್ ಬೇರಿಂಗ್ ಬಿಡಿಯಾಗಿ ಸಿಗುತ್ತದಾ? ‘ಡ್ರೈವೇ ಹಾಳಾಗುವುದಿಲ್ಲ ಸರ್’ ಅಂದವನ ಹತ್ತಿರ ನಾನು ಮುಂದೆ ಮಾತಾಡಲಿಲ್ಲ. ಹಳೆಯದು ತೆಗೆಯುವುದಾದರೆ ಡ್ರೈವ್ ಕೂರುವ ತೂತಿನ ಮೂಲೆಗಳನ್ನು ಕೈಯಲ್ಲಿ ಮುಟ್ಟಿ ನೋಡಿ, ಸೀಳು ಬರುವುದು ಅಲ್ಲೇ. ನಾನು ಒಪ್ಪಿಗೆ ಕೇಳಿ ಎರಡು ಬಕೆಟ್ ನೀರು ಕಯಾಕ್‌ನ ಹೊಟ್ಟೆಗೆ ಸುರಿದು, ಆ ಕಡೆ ಈ ಕಡೆ ವಾಲಿಸಿ, ಹೊರಗೆ ಎಲ್ಲಾದರೂ ಜಿನುಗುತ್ತದಾ ಅಂತ ನೋಡಿದೆ. ಮಾರುವವರು ನಕ್ಕರು, ಆದರೆ ಬೇಡ ಅನ್ನಲಿಲ್ಲ.

ಊರಿಗೆ ತಂದು ಮೊದಲ ಸಲ ಇಳಿಸಿದಾಗ ದಡದಲ್ಲಿ ತೋಣಿ ತೊಳೆಯುತ್ತಿದ್ದ ಇಚ್ಚ (ಅಣ್ಣ ಅಂತ ಕರೆಯುವ ಹಿರಿಯರು) ಒಬ್ಬರು, ‘ಮೋನೇ (ಮಗನೇ), ಸೈಕಲ್ ತುಳಿಯಲು ಊರಲ್ಲಿ ರಸ್ತೆ ಇಲ್ವಾ?’ ಅಂತ ಕೇಳಿದರು. ಹೊಳೆಯಲ್ಲೇ ಹುಟ್ಟಿ ಬೆಳೆದವರು. ಅವರು ಹೇಳಿದ ಇನ್ನೊಂದು ಮಾತು ಮಾತ್ರ ತಮಾಷೆಯದ್ದಲ್ಲ: ಅಮಾವಾಸ್ಯೆ ಹುಣ್ಣಿಮೆಯ ಹತ್ತಿರ ಇಳಿತ ಶುರುವಾದ ಮೇಲೆ ಅಳಿವೆಯ ಕಡೆ ಹೋಗಬೇಡ, ನಿನ್ನ ಕಾಲಿಗೆ ಆ ನೀರನ್ನು ಗೆಲ್ಲಲು ಆಗುವುದಿಲ್ಲ. ನಿಜ. ಪೆಡಲ್‌ನಲ್ಲಿ ಆರಾಮಾಗಿ ಹೋಗುವ ವೇಗ ಅಂದರೆ ನಡೆಯುವ ವೇಗ, ಬೇಕಾದರೆ ಬೀಸು ನಡಿಗೆ ಅನ್ನಿ. ಅಳಿವೆ ಬಾಗಿಲಲ್ಲಿ ಇಳಿತದ ನೀರು ಅದಕ್ಕಿಂತ ಜೋರಾಗಿ ಹೊರಗೆ ಓಡುತ್ತದೆ. ಹಾಗಾಗಿ ನಾನು ಇಳಿತಕ್ಕೆ ಎದುರಾಗಿ ಮೇಲಕ್ಕೆ ಹೋಗಿ, ವಾಪಸ್ ಬರುವಾಗ ಅದರ ಜೊತೆಗೇ ಬರುತ್ತೇನೆ. ಲೈಫ್ ಜಾಕೆಟ್ ಮೈಮೇಲೆ, ಹಿಂದುಗಡೆ ಉದ್ದ ಕೋಲಿಗೆ ಕೇಸರಿ ಬಾವುಟ. ಎಂಜಿನ್ ದೋಣಿಯವರಿಗೆ ಕಯಾಕ್ ದೂರದಿಂದ ಕಾಣುವುದೇ ಇಲ್ಲ.

ಬೇರಿನ ಹತ್ತಿರ ಈಗ ಹೇಗೆ ಅಂದರೆ, ಲೂರ್ ಎಸೆಯುವಾಗಲೇ ಪಾದ ಹಿಂದಕ್ಕೆ ತುಳಿಯಲು ರೆಡಿ ಇರುತ್ತದೆ. ಕಚ್ಚಿತು ಅಂತ ಕೈಗೆ ಗೊತ್ತಾದ ಕೂಡಲೇ ಕಾಲು ತಾನಾಗಿ ಹಿಂದಕ್ಕೆ ಸುತ್ತುತ್ತದೆ. ಮೀನು ಒಳಗೆ ಎಳೆಯುತ್ತದೆ, ದೋಣಿ ಹೊರಗೆ ಎಳೆಯುತ್ತದೆ, ರಾಡ್ ನಡುವೆ ಬಗ್ಗಿ ನಿಲ್ಲುತ್ತದೆ. ಎರಡು ದೋಣಿಯುದ್ದ ಹೊರಗೆ ಬಂದರೆ ಆಮೇಲೆ ನಿಧಾನಕ್ಕೆ ಆಡಿಸಿಕೊಂಡು ತರಬಹುದು. ಎಲ್ಲವೂ ಸಿಗುತ್ತದೆ ಅಂತಲ್ಲ. ದೊಡ್ಡದು ಈಗಲೂ ಕಡಿದುಕೊಂಡು ಹೋಗುತ್ತದೆ.

ಇದೇ ಪ್ರಶ್ನೆಯನ್ನು ಪಡನ್ನ, ವಲಿಯಪರಂಬದವರು ಕೇಳಿದರೆ ನನ್ನ ಉತ್ತರ ಬೇರೆ. ಅವರ ಕವ್ವಾಯಿ ಹಿನ್ನೀರಿನಲ್ಲಿ ಕಲ್ಲುಮ್ಮಕ್ಕಾಯಿ (ತಿನ್ನುವ ಒಂದು ಬಗೆಯ ಚಿಪ್ಪು) ಬೆಳೆಸುವ ಹಗ್ಗಗಳು ಬಿದಿರಿನ ಚಪ್ಪರದಿಂದ ನೀರಿಗೆ ಇಳಿದಿರುತ್ತವೆ, ಅದರ ಹತ್ತಿರ ಪ್ರೊಪೆಲ್ಲರ್ ತಿರುಗಿಸಿದರೆ ನಿಮಗೂ ಕಷ್ಟ, ಬೆಳೆಸಿದವರಿಗೂ ನಷ್ಟ. ವಿಸ್ತಾರ ಜಾಸ್ತಿ, ಗಾಳಿ ಜಾಸ್ತಿ, ದೂರ ತುಳಿಯಬೇಕು, ಅಲ್ಲಲ್ಲಿ ನೀರೂ ಕಮ್ಮಿ. ಅಲ್ಲಿಗೆ ಫಿನ್ ಇರುವುದೇ ಸರಿ, ಅದೂ ರಿವರ್ಸ್ ಇರುವ ಹೊಸ ಡ್ರೈವ್ ಆದರೆ. ಭಾವ ನನ್ನ ಪ್ರೊಪೆಲ್ಲರನ್ನು ಇನ್ನೂ ಒಪ್ಪಿಲ್ಲ. ‘ಭಾವ, ನೀವು ಡ್ರೈವ್ ಎತ್ತಿ ಇಳಿಸುವಷ್ಟರಲ್ಲಿ ನಾನು ದಿಬ್ಬ ದಾಟಿ ಎರಡು ಸಲ ಎಸೆದಾಯ್ತು’ ಅಂತ ಪ್ರತಿ ಸಲವೂ ಹೇಳುತ್ತಾರೆ. ಅದು ಸುಳ್ಳೂ ಅಲ್ಲ. ಆದರೆ 180 ಡ್ರೈವ್ ಅವರ ಹಳೆ ಕಯಾಕ್‌ನ ತೂತಿಗೆ ಕೂರುತ್ತದಾ ಅಂತ ಈಗ ನನ್ನ ಹತ್ತಿರವೇ ವಿಚಾರಿಸುತ್ತಿದ್ದಾರೆ.