ಪೇಂಟ್ ಡಬ್ಬ ತೆರೆಯುವ ಮುಂಚೆ ಗೋಡೆಯನ್ನು ಕೇಳಿ

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಎಷ್ಟೋ ಮನೆಗಳಂತೆ ನಮ್ಮ ನೆಲಮಹಡಿಗೂ ನೀರು ನುಗ್ಗಿತ್ತು. ದೀಪಾವಳಿಗೆ ಪೇಂಟ್ ಹೊಡೆಸಿದೆವು. ಸಂಕ್ರಾಂತಿ ಹೊತ್ತಿಗೆ ಅದು ಹಪ್ಪಳದಂತೆ ಉಬ್ಬಿ ಎದ್ದಿತ್ತು. ಕೆಲಸದವರು ಆಡುವ ನಾಲ್ಕು ಪದ ಮೊದಲೇ ಗೊತ್ತಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಮೊದಲು ಕರೆಂಟ್. ಮೇನ್ ಸ್ವಿಚ್‌ವರೆಗೆ ಒಣ ನೆಲದಲ್ಲಿ ಹೋಗಲು ಆಗದಿದ್ದರೆ ಒಳಗೆ ಕಾಲಿಡಬೇಡಿ, ಲೈನ್‌ಮನ್ ಬರಲಿ.

ಆಮೇಲೆ ಬಂದ ನೀರು ಎಂಥದ್ದು ನೋಡಿ. ಇದಕ್ಕೆ ‘ಕೆಟಗರಿ’ ಅನ್ನುತ್ತಾರೆ. ಒಡೆದ ನಲ್ಲಿ ಪೈಪಿನದ್ದು ಕೆಟಗರಿ ಒಂದು, ವಾಷಿಂಗ್ ಮೆಷಿನ್‌ನದ್ದು ಎರಡು, ಚರಂಡಿ ಅಥವಾ ರಾಜಕಾಲುವೆಯದ್ದು ಮೂರು. ಮೂರಕ್ಕೆ ‘ಬ್ಲ್ಯಾಕ್ ವಾಟರ್’ ಎಂದೂ ಹೆಸರು. ನೋಡಲು ತಿಳಿಯಾಗಿದ್ದರೂ ಅದು ಬ್ಲ್ಯಾಕೇ! ಅದರಲ್ಲಿ ನೆನೆದ ಹಾಸಿಗೆ, ದಿಂಬು ಉಳಿಸಿಕೊಳ್ಳುವ ಆಸೆ ಬೇಡ.

ಕೆಸರನ್ನು ಹಸಿಯಿರುವಾಗಲೇ ಬಳಿದು ಹಾಕಿ, ಸೋಪಿನ ನೀರಲ್ಲಿ ಉಜ್ಜಿ. ಬ್ಲೀಚಿಂಗ್ ಆಮೇಲೆ. ಕೊಳೆ ಮೇಲೆ ಸುರಿದರೆ ಸುಮ್ನೆ ದಂಡ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಬೆರೆಸಲೇಬೇಡಿ, ವಿಷದ ಗ್ಯಾಸ್ ಏಳುತ್ತದೆ.

24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು, ಹಾಗಾಗಿ ಒಣಗಿಸುವುದಕ್ಕೆ ಅವಸರ ಮಾಡಿ. ‘ಡಿಹ್ಯುಮಿಡಿಫೈಯರ್’ ಗಾಳಿಯ ತೇವ ಹೀರುವ ಯಂತ್ರ. ಬಾಡಿಗೆಗೆ ತಂದರೆ ಕಿಟಕಿ ಮುಚ್ಚಿಡಿ. ಊರ ಗಾಳಿಯನ್ನೆಲ್ಲ ಅದು ಒಣಗಿಸುತ್ತಾ?

ನಾವು ಎಡವಿದ್ದು ಗೋಡೆಯಲ್ಲಿ. ಬತ್ತಿ ಎಣ್ಣೆ ಹೀರುವಂತೆ ಇಟ್ಟಿಗೆ, ಪ್ಲಾಸ್ಟರ್ ನೀರನ್ನು ಮೇಲಕ್ಕೆ ಹೀರುತ್ತವೆ; ಇದೇ ‘ವಿಕಿಂಗ್’. ನಮ್ಮಲ್ಲಿ ನೀರು ನಿಂತದ್ದು ಒಂದಡಿ, ತೇವ ಏರಿದ್ದು ಎರಡೂವರೆ ಅಡಿ. ಒಣಗುತ್ತಾ ಬಂದಂತೆ ಬಿಳಿ ಪುಡಿ ಕಾಣಿಸಿತು. ಇದು ‘ಎಫ್ಲೋರೆಸೆನ್ಸ್’. ಮೇಸ್ತ್ರಿ ಭಾಷೆಯಲ್ಲಿ ‘ಉಪ್ಪು ಬಿಟ್ಟಿದೆ’. ಒಣ ಬ್ರಷ್‌ನಲ್ಲಿ ಉದುರಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಕೆತ್ತಿಸಿ.

ಗೋಡೆಯ ತೇವ ಅಳೆಯುವ ‘ಮಾಯಿಶ್ಚರ್ ಮೀಟರ್’ ತಂದವರಿಗೆ, ನೀರು ತಾಕದ ಗೋಡೆಯನ್ನೂ ಅಳೆಯಲು ಹೇಳಿ. ಎರಡನ್ನೂ ಹೋಲಿಸಿದರೇ ಅರ್ಥ. ಗೋಡೆಯಲ್ಲಿ ಉಪ್ಪಿದ್ದರೂ ಮೀಟರ್ ಜಾಸ್ತಿ ತೋರಿಸುತ್ತದೆ.

ಮೀಟರ್ ಇಲ್ಲವಾ? ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಕನಿಷ್ಠ 16 ಗಂಟೆ ಬಿಡಿ. ಒಳಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಹಸಿ. ನಮ್ಮ ಹಾಳೆಗೆ ಹನಿ ಕೂರದೆ ಬಂದದ್ದು ಮಾರ್ಚ್‌ನಲ್ಲಿ. ಅಷ್ಟರಲ್ಲಿ ಪೇಂಟರ್ ‘ಇನ್ನೂ ಆಗಿಲ್ವಾ ಸಾರ್’ ಅಂತ ಮೂರು ಸಲ ಫೋನ್ ಮಾಡಿದ್ದರು.