ಹಳೆಯ ಎಕ್ಸ್‌ಪ್ಲೋರರ್ ತೆಗೆಯುವುದು ಹೇಗೆ, ಎಡ್ಜ್ ಸುಮ್ಮನಿರಿಸುವುದು ಹೇಗೆ?

ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಗಳಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಲ್ಲಿ, ಗದಗಿನ ಮುದ್ರಣಾಲಯಗಳಲ್ಲಿ ವಿಂಡೋಸ್ 7 ಮತ್ತು ವಿಂಡೋಸ್ 10ರ ಕಂಪ್ಯೂಟರ್‌ಗಳು ಇನ್ನೂ ದುಡಿಯುತ್ತಿವೆ. ಬಿಲ್ಲಿನ ಸಾಫ್ಟ್‌ವೇರೋ ಪುಟ ವಿನ್ಯಾಸದ ಹಳೆಯ ಪೇಜ್‌ಮೇಕರೋ ಅದರಲ್ಲೇ ಓಡುತ್ತದೆ ಎಂಬುದು ಒಂದು ಕಾರಣ. ಅವುಗಳಲ್ಲಿ ಮೈಕ್ರೋಸಾಫ್ಟ್‌ನ ಹಳೆಯ ಬ್ರೌಸರ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ ಉಳಿದುಕೊಂಡಿದೆ. ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಅದಕ್ಕೆ 2022ರ ಜೂನ್ 15ಕ್ಕೆ ವಿದಾಯ ಹೇಳಿತು. 2023ರ ಫೆಬ್ರುವರಿ 14ರಿಂದ ಅದರ ಐಕಾನ್ ಒತ್ತಿದರೆ ತೆರೆಯುವುದು ಮೈಕ್ರೋಸಾಫ್ಟ್‌ನ ಹೊಸ ಬ್ರೌಸರ್ ಎಡ್ಜ್. ಬಳಸದ ಬ್ರೌಸರ್ ಯಂತ್ರದಲ್ಲಿರುವುದು ಬೇಡ ಎನ್ನುವುದು ಸರಿಯಾದ ಯೋಚನೆಯೇ. ಆದರೆ ಎಲ್ಲಿಯವರೆಗೆ ತೆಗೆಯಬಹುದು, ಎಲ್ಲಿ ಕೈ ಹಾಕಬಾರದು ಎಂಬುದು ಮೊದಲು ಗೊತ್ತಿರಬೇಕು.

ಎಕ್ಸ್‌ಪ್ಲೋರರ್‌ನಲ್ಲಿ ಎರಡು ಭಾಗ. ಒಂದು ನಮಗೆ ಕಾಣುವ ಕಿಟಕಿ. ಇನ್ನೊಂದು ಪುಟಗಳನ್ನು ಬಿಡಿಸಿ ತೋರಿಸುವ ಎಂಜಿನ್, ಹೆಸರು ಎಂಎಸ್‌ಎಚ್‌ಟಿಎಂಎಲ್. ಹಳೆಯ ಸಾಫ್ಟ್‌ವೇರ್‌ಗಳ ಸಹಾಯ ಪುಟಗಳು ತೆರೆಯುವುದು ಈ ಎಂಜಿನ್ ಮೂಲಕವೇ. ಬ್ರೌಸರ್ ತೆಗೆಯುವುದೆಂದರೆ ಅಂಗಡಿಯ ಷಟರ್ ಇಳಿಸಿದಂತೆ. ಒಳಗಿನ ಗೋದಾಮು ಹಾಗೆಯೇ ಇರುತ್ತದೆ. ಬ್ರೌಸರನ್ನು ವಿಂಡೋಸ್ ಜೊತೆ ಕಟ್ಟಿಹಾಕಿದ್ದೇ 1998ರಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಹೂಡಿದ ದೊಡ್ಡ ಮೊಕದ್ದಮೆಯ ಮುಖ್ಯ ವಿಷಯವಾಗಿತ್ತು.

ಮೊದಲು ಇನ್ನೊಂದು ಬ್ರೌಸರ್ ಹಾಕಿಕೊಳ್ಳಿ. ಇದ್ದದ್ದನ್ನು ತೆಗೆದು ಆಮೇಲೆ ಹೊಸದನ್ನು ಇಳಿಸಿಕೊಳ್ಳೋಣ ಎಂದು ಹೊರಟರೆ ಇಳಿಸಿಕೊಳ್ಳಲು ದಾರಿಯೇ ಇರುವುದಿಲ್ಲ. ವಿಂಡೋಸ್ 7ಕ್ಕೆ ಕ್ರೋಮ್‌ನ ಕೊನೆಯ ಆವೃತ್ತಿ 109. ಅದರ ಬದಲು ಫೈರ್‌ಫಾಕ್ಸ್ 115 ಇಎಸ್‌ಆರ್ (ಹೆಚ್ಚು ಕಾಲ ಬೆಂಬಲವಿರುವ ಆವೃತ್ತಿ) ಹಾಕುವುದು ಮೇಲು. ಅದರ ಇನ್‌ಸ್ಟಾಲರ್ ಒಂದು ಪೆನ್‌ಡ್ರೈವ್‌ನಲ್ಲೂ ಇರಲಿ. ಬುಕ್‌ಮಾರ್ಕ್‌ಗಳನ್ನು ಹೊಸ ಬ್ರೌಸರ್‌ನ ಇಂಪೋರ್ಟ್ ಆಯ್ಕೆಯಿಂದ ತಂದುಕೊಳ್ಳಿ. ಎಡ್ಜ್‌ನಿಂದ ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಫೈಲಾಗಿ ಹೊರತೆಗೆದರೆ, ಕೆಲಸ ಮುಗಿದ ಕೂಡಲೇ ಆ ಫೈಲನ್ನು ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ. ಅದರಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಯಾರು ಬೇಕಾದರೂ ಓದುವಂತೆ ಇರುತ್ತವೆ. ಡಿಜಿಟಲ್ ಸಹಿಯ ಟೋಕನ್ ಬಳಸುವ ಲೆಕ್ಕಪರಿಶೋಧಕರು ಹೆದರಬೇಕಿಲ್ಲ: ಸರ್ಟಿಫಿಕೇಟ್‌ಗಳು ವಿಂಡೋಸ್‌ನ ಸ್ವಂತ ಉಗ್ರಾಣದಲ್ಲಿರುತ್ತವೆ, ಎಕ್ಸ್‌ಪ್ಲೋರರ್ ಹೋದರೂ ಅಲ್ಲೇ ಉಳಿಯುತ್ತವೆ.

ಇನ್ನೊಂದನ್ನು ಈಗಲೇ ನೋಡಿಕೊಳ್ಳಬೇಕು: ಅಂಗಡಿಯ ಸಿಸಿಟಿವಿ. ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆಗಳಾದ ಹಳೆಯ ಡಿವಿಆರ್‌ಗಳ ಪುಟ, ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಓಡುವ ಆಕ್ಟಿವ್‌ಎಕ್ಸ್ ಪ್ಲಗಿನ್ ಕೇಳುತ್ತದೆ. ಕ್ರೋಮ್‌ನಲ್ಲಿ ಲಾಗಿನ್ ಆಗುತ್ತದೆ, ಆದರೆ ಕ್ಯಾಮೆರಾ ಕಾಣಬೇಕಾದ ಜಾಗ ಖಾಲಿ. ಪ್ಲಗಿನ್ ಹಾಕಿ ಎಂಬ ಸೂಚನೆ ಎಷ್ಟು ಸಲ ಒತ್ತಿದರೂ ಮತ್ತೆ ಬರುತ್ತದೆ. ಇಂಥ ಡಿವಿಆರ್ ಇದ್ದರೆ ಎಡ್ಜ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಫಾಲ್ಟ್ ಬ್ರೌಸರ್ ಪುಟಕ್ಕೆ ಹೋಗಿ, ಎಕ್ಸ್‌ಪ್ಲೋರರ್ ಮೋಡ್‌ನಲ್ಲಿ ಪುಟ ತೆರೆಯಲು ಅನುಮತಿ ಎಂಬುದನ್ನು ಅಲೋ ಮಾಡಿ, ಎಡ್ಜ್ ಮುಚ್ಚಿ ತೆರೆಯಿರಿ. ಅದರ ಕೆಳಗಿನ ಪಟ್ಟಿಗೆ ಡಿವಿಆರ್ ವಿಳಾಸವನ್ನು ಎಚ್‌ಟಿಟಿಪಿಯಿಂದ ಆರಂಭಿಸಿ ಪೂರ್ತಿಯಾಗಿ ಸೇರಿಸಿ. ಸೇರಿಸಿದ ವಿಳಾಸ 30 ದಿನಕ್ಕೆ ತಾನಾಗಿ ಬಿದ್ದುಹೋಗುತ್ತದೆ. ತಿಂಗಳಾದ ಮೇಲೆ ಕ್ಯಾಮೆರಾ ಕಾಣದಿದ್ದರೆ ಡಿವಿಆರ್ ಕೆಟ್ಟಿತೆಂದು ಮೆಕ್ಯಾನಿಕ್ಕನ್ನು ಕರೆಯುವ ಮುಂಚೆ ಈ ಪಟ್ಟಿ ನೋಡಿ.

ಈ ಮೋಡ್ ನಡೆಯುವುದು ಎಕ್ಸ್‌ಪ್ಲೋರರ್ 11ರ ಬಲದ ಮೇಲೆ. ಹಾಗಾಗಿ ಹಳೆಯ ಡಿವಿಆರ್ ಅಥವಾ ಹಳೆಯ ಜಾಲತಾಣ ನೋಡಲು ಈ ಮೋಡ್ ಬಿಟ್ಟು ಬೇರೆ ದಾರಿ ಇಲ್ಲದ ಯಂತ್ರದಲ್ಲಿ ಮುಂದಿನ ಹೆಜ್ಜೆ ಇಡಬೇಡಿ. ಎಕ್ಸ್‌ಪ್ಲೋರರ್ ತೆಗೆದರೆ ಮೋಡ್ ಕೂಡ ನಿಲ್ಲುತ್ತದೆ.

ಇಂಥ ಅಡ್ಡಿ ಇಲ್ಲದಿದ್ದರೆ ತೆಗೆಯುವುದು ಸುಲಭ. ಕಂಟ್ರೋಲ್ ಪ್ಯಾನಲ್, ಪ್ರೋಗ್ರಾಮ್ಸ್, ಅಲ್ಲಿ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಒತ್ತಿ. ಅಡ್ಮಿನ್ ಪಾಸ್‌ವರ್ಡ್ ಕೇಳಬಹುದು. ಪಟ್ಟಿ ತುಂಬಿಕೊಳ್ಳಲು ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ತುಸು ಹೊತ್ತು ಹಿಡಿಯುತ್ತದೆ, ಖಾಲಿ ಕಂಡರೆ ಕಾಯಿರಿ. 'ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11' ಮುಂದಿನ ಟಿಕ್ ತೆಗೆಯಿರಿ. ಬೇರೆ ಪ್ರೋಗ್ರಾಂಗಳಿಗೆ ತೊಂದರೆಯಾಗಬಹುದು ಎಂಬ ಎಚ್ಚರಿಕೆ ಬರುತ್ತದೆ. ಯೆಸ್, ನಂತರ ಓಕೆ, ನಂತರ ರೀಸ್ಟಾರ್ಟ್. ಮತ್ತೆ ಬೇಕೆನಿಸಿದರೆ ಅದೇ ಟಿಕ್ ಹಾಕಿದರಾಯಿತು, ಸಿಡಿ ಬೇಕಾಗುವುದಿಲ್ಲ.

ವಿಂಡೋಸ್ 7ರಲ್ಲಿ ಹಲವರು ಎಡವುವುದು ಇಲ್ಲಿಯೇ: ಟಿಕ್ ತೆಗೆಯುವ ಬದಲು, ಇನ್‌ಸ್ಟಾಲ್ ಆದ ಅಪ್‌ಡೇಟ್‌ಗಳ ಪಟ್ಟಿಯಿಂದ ಎಕ್ಸ್‌ಪ್ಲೋರರ್ 11 ಅಳಿಸುತ್ತಾರೆ. ಆಗ ಬ್ರೌಸರ್ ಹೋಗುವುದಿಲ್ಲ, ಹಿಂದಿನ ಆವೃತ್ತಿಗೆ ಇಳಿಯುತ್ತದೆ. ಮೂಲದಲ್ಲಿ ಬಂದಿದ್ದ 8ರವರೆಗೂ ಇಳಿಯಬಹುದು. ಜೊತೆಗೆ ಎಂಜಿನ್ನೂ ಹಳೆಯದಾಗುತ್ತದೆ. ಇದ್ದದ್ದಕ್ಕಿಂತ ಅಪಾಯ ಹೆಚ್ಚು.

ಷಟರ್ ಇಳಿಸಿದ ಮೇಲೂ ಎಂಜಿನ್ ಉಳಿಯುತ್ತದಲ್ಲ, ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬೇಕೇ ಬೇಕು. 2021ರ ಸೆಪ್ಟೆಂಬರ್‌ನಲ್ಲಿ ಬಯಲಾದ ಒಂದು ದಾಳಿ ವರ್ಡ್ ಫೈಲಿನೊಳಗಿಂದ ಇದೇ ಎಂಜಿನ್ನನ್ನು ಎಬ್ಬಿಸುತ್ತಿತ್ತು. ಬ್ರೌಸರ್ ತೆರೆಯುವ ಅಗತ್ಯವೇ ಇರಲಿಲ್ಲ. ಇಂಥ ಅಪ್‌ಡೇಟ್ ಕೊಡುವ ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪೇಜ್‌ಮೇಕರ್‌ಗಾಗಿ ಮಾತ್ರ ಇಟ್ಟ ವಿಂಡೋಸ್ 7 ಯಂತ್ರಕ್ಕೆ ನೆಟ್ ಕೇಬಲ್ಲೇ ಹಾಕದಿರುವುದು ಯಾವ ಟಿಕ್‌ಗಿಂತಲೂ ಒಳ್ಳೆಯ ಕಾವಲು.

ಎಡ್ಜ್ ವಿಷಯ ಬೇರೆ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಅದರ ಅನ್‌ಇನ್‌ಸ್ಟಾಲ್ ಗುಂಡಿ ನಮ್ಮಲ್ಲಿ ಮಂಕಾಗಿರುತ್ತದೆ. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಿಂದಾಗಿ 2024ರಿಂದ ಅಲ್ಲಿನವರಿಗೆ ಮಾತ್ರ ಆ ಗುಂಡಿ ತೆರೆದಿದೆ. ಇಂಥ ಹಕ್ಕು ಇಲ್ಲಿನ ಬಳಕೆದಾರರಿಗೂ ಸಿಗಬೇಕಾದ್ದು ನ್ಯಾಯ. ಅಲ್ಲಿಯವರೆಗೆ ಎಡ್ಜ್ ಕಿತ್ತೊಗೆಯುವ ಬ್ಯಾಚ್ ಫೈಲ್‌ಗಳನ್ನು ಸಿಕ್ಕಸಿಕ್ಕಲ್ಲಿಂದ ತಂದು ಓಡಿಸಬೇಡಿ, ಫೋಲ್ಡರನ್ನೂ ಕೈಯಿಂದ ಅಳಿಸಬೇಡಿ. ಮುಂದಿನ ಅಪ್‌ಡೇಟ್‌ನಲ್ಲಿ ಎಡ್ಜ್ ಮತ್ತೆ ಬಂದು ಕೂರುತ್ತದೆ. ಬೇರೆ ಆ್ಯಪ್‌ಗಳೊಳಗೆ ವೆಬ್ ಪುಟ ತೋರಿಸುವ, ಪಕ್ಕದಲ್ಲೇ ಇರುವ ವೆಬ್‌ವ್ಯೂ 2 ಅಳಿಸಿದರಂತೂ ಹೊಸ ಔಟ್‌ಲುಕ್, ಟೀಮ್ಸ್ ತೆರೆಯುವುದೇ ಇಲ್ಲ.

ಎಡ್ಜ್ ಸುಮ್ಮನಿದ್ದರೆ ಸಾಕು. ಅದರ ಸೆಟ್ಟಿಂಗ್ಸ್‌ನ ಸಿಸ್ಟಂ ಭಾಗದಲ್ಲಿ ಎರಡು ಸ್ವಿಚ್‌ಗಳಿವೆ: 'ಸ್ಟಾರ್ಟಪ್ ಬೂಸ್ಟ್' ಒಂದು, ಎಡ್ಜ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುವುದು ಇನ್ನೊಂದು. ಎರಡನ್ನೂ ಆಫ್ ಮಾಡಿ. 4 ಜಿಬಿ ರ‍್ಯಾಮ್‌ನ ಯಂತ್ರದಲ್ಲಿ ಇದರ ಫಲ ಕಣ್ಣಿಗೆ ಕಾಣುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್‌ಗೆ ಹೋಗಿ ನಿಮ್ಮ ಬ್ರೌಸರ್ ಆರಿಸಿ 'ಸೆಟ್ ಡಿಫಾಲ್ಟ್' ಒತ್ತಿ. ಪಿಡಿಎಫ್ ಮಾತ್ರ ಎಡ್ಜ್ ಕೈಯಲ್ಲೇ ಉಳಿಯುವುದುಂಟು. ಅದೇ ಪುಟದ ಮೇಲಿನ ಪೆಟ್ಟಿಗೆಯಲ್ಲಿ ಚುಕ್ಕಿ ಹಾಕಿ ಪಿಡಿಎಫ್ ಎಂದು ಟೈಪಿಸಿ ಬೇರೆ ರೀಡರ್ ಆರಿಸಿ, ಆಗ ಇಳಿಸಿಕೊಂಡ ಪಹಣಿ ಬೇಕಾದಲ್ಲೇ ತೆರೆಯುತ್ತದೆ. ಟಾಸ್ಕ್‌ಬಾರ್‌ನ ಹುಡುಕಾಟ ಮತ್ತು ವಿಜೆಟ್‌ಗಳ ಕೊಂಡಿಗಳು ಇಷ್ಟಾದ ಮೇಲೂ ಎಡ್ಜ್‌ನಲ್ಲೇ ತೆರೆಯುತ್ತವೆ. ವಿಜೆಟ್‌ಗಳನ್ನು ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಆ ಎರಡು ಸ್ವಿಚ್ ಮತ್ತು ಡಿಫಾಲ್ಟ್ ಬ್ರೌಸರ್ ಬದಲಾಗಿವೆಯೇ ಎಂದು ಒಮ್ಮೆ ತೆರೆದು ನೋಡಿ.